ದೋಣಿ ಆಯಿ ಹೊಳೆ ದಾಟಿದ ವಾರ

ಮುದ್ದೇಬಿಹಾಳ
೨೯ ಜೂನ್ ೨೦೨೫

ಅಪ್ಪಾ,

ಅಪ್ಪನಿಗೆ ಬರೆಯುವಾಗ ‘ತೀರ್ಥರೂಪ’ ಎಂದು ಶುರು ಮಾಡಬೇಕೆಂದು ಕನ್ನಡ ಸರ್ ಹೇಳಿಕೊಟ್ಟಿದ್ದಾರೆ. ಹಾಗೆ ಬರೆದರೆ ನೀನು ಬೇರೆ ಯಾರದೋ ಪತ್ರ ಎಂದು ಪೋಸ್ಟಿನವನಿಗೆ ತಿರುಗಿ ಕೊಟ್ಟುಬಿಡುತ್ತೀಯ, ಅದಕ್ಕೇ ಬರೆಯಲಿಲ್ಲ. ನಾನು ಆರಾಮ ಇದ್ದೇನೆ. ಎಂಟನೇ ತರಗತಿಯವರಿಗೆ ಮಲಗಲು ಹೊಸ ಹಾಲ್ ಕೊಟ್ಟಿದ್ದಾರೆ. ಕಿಟಕಿ ಪಕ್ಕದ ಮಂಚ ನನಗೆ ಸಿಗಲಿಲ್ಲ, ಗೊಳಸಂಗಿಯ ಶಾಹಿಸ್ತಾಗೆ ಸಿಕ್ಕಿತು.

ಆದಿತ್ಯವಾರ ವಾರ್ಡನ್ ಮೇಡಂ ಫೋನಿನಲ್ಲಿ ನಾವು ಮಾತಾಡುವಾಗ ನನ್ನ ಹಿಂದೆ ಹುಡುಗಿಯರ ಸಾಲು ನಿಂತಿರುತ್ತದೆ. “ಊಟ ಆತೇನು?” “ಆತು.” “ಅಭ್ಯಾಸ ಮಾಡಾಕತ್ತೀಯಿಲ್ಲೊ?” “ಮಾಡಾಕತ್ತೇನಿ.” ಅಷ್ಟರಲ್ಲಿ ಫೋನು ಬೇರೆಯವರ ಕೈಗೆ ಹೋಗುತ್ತದೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನಿನ್ನಿಂದ ಒಂದು ಕೆಲಸ ಆಗಬೇಕು.

ನಾನು ಮತ್ತು ಅವ್ವ ನಿನ್ನ ಹಳೆಯ ಫೋನಿನಲ್ಲಿ ಒಂದು ಗೇಮ್ ಆಡುತ್ತಿದ್ದೆವಲ್ಲ, ನೀನು “ಅದೇನ ಮುಗಿಲಾರದ ಆಟ” ಎಂದು ಬಯ್ಯುತ್ತಿದ್ದೆ. ಅದನ್ನು ಜಪಾನಿನವರು ಈಗ ಅನಿಮೆ ಮಾಡಿದ್ದಾರಂತೆ. ಅನಿಮೆ ಎಂದರೆ ಚಿತ್ರ ಬರೆದು ಮಾಡುವ ಅವರ ಧಾರಾವಾಹಿ. ಲೈಬ್ರರಿಯ ಪೇಪರಿನಲ್ಲಿ ಬಂದಿತ್ತು. ಮುಂದಿನ ಶನಿವಾರದಿಂದ ವಾರಕ್ಕೊಂದು ಭಾಗ. ಇಲ್ಲಿ ನಮಗೆ ಫೋನ್ ಮುಟ್ಟಲು ಬಿಡುವುದಿಲ್ಲ. ನೀನು ನೋಡಿ ನನಗೆ ಬರೆಯಬೇಕು. ‘ಚಲೋ ಇತ್ತು’ ಎಂದು ಒಂದೇ ಸಾಲು ಗೀಚಿ ಪಾರಾಗಬೇಡ. ಯಾರು ಏನಂದರು, ಏನು ಉಂಡರು, ಮಳೆ ಬಂತೋ ಇಲ್ಲವೋ, ಎಲ್ಲ ಬೇಕು.

ಕಥೆ ಇಷ್ಟು. ಕಯೋ ಎಂಬ ಹುಡುಗಿ ಇದ್ದಾಳೆ, ಅವಳಪ್ಪ ಗಂಟೆ ಎರಕ ಹೊಯ್ಯುವವನು. ಒಂದು ದಿನ ನಾಡಿನ ಗಂಟೆಗಳೆಲ್ಲ ದನಿ ಕಳೆದುಕೊಳ್ಳುತ್ತವೆ. ಅವನ್ನು ಸರಿಮಾಡುತ್ತ ಕಯೋ ಊರೂರು ತಿರುಗುತ್ತಾಳೆ. ಜೊತೆಗೆ ದಂಡು ಬಿಟ್ಟು ಓಡಿಬಂದ ಗೆನ್ ಎಂಬ ಸಿಪಾಯಿ, ಮತ್ತೆ ದೋಣಿ ನಡೆಸುವ ಒಬ್ಬ ಮುದುಕಿ. ಆಟದಲ್ಲಿ ಹೆಸರು ನಾವೇ ಇಡಬಹುದು. ಅವ್ವ ಆ ಮುದುಕಿಗೆ ‘ದೋಣಿ ಆಯಿ’ ಎಂದು ಇಟ್ಟಿದ್ದಳು.

ನಡುವೆ ಒಂದು ದೊಡ್ಡ ಹೊಳೆ ಬರುತ್ತದೆ. ದಂಡೆಗೆ ಹೋದ ಕೂಡಲೇ ಆಟ ‘ದಾಟುತ್ತೀರಾ?’ ಎಂದು ಕೇಳುತ್ತದೆ. ‘ಹೌದು’ ಒತ್ತಬಹುದು, ‘ಇನ್ನೂ ಇಲ್ಲ’ ಒತ್ತಬಹುದು. ದಾಟಿದ ಮೇಲೆ ದೋಣಿ ಆಯಿ ನಿಮ್ಮ ಜೊತೆ ಇರುವುದಿಲ್ಲ ಎಂದು ಮೊದಲೇ ತಿಳಿಸುತ್ತಾರೆ. ಅವಳಿಗೆ ಏನಾಗುತ್ತದೆ ಎಂದು ಮಾತ್ರ ಹೇಳುವುದಿಲ್ಲ. ಅವ್ವ ಪ್ರತಿಸಲವೂ ‘ಇನ್ನೂ ಇಲ್ಲ’ ಒತ್ತುತ್ತಿದ್ದಳು. ಈಚೆ ದಂಡೆಯಲ್ಲೇ ಮೀನು ಹಿಡಿಯುವುದು, ಅಡುಗೆ ಮಾಡುವುದು, ಗುಡಿಸಲಿಗೆ ಹುಲ್ಲು ಹೊದಿಸುವುದು. ಹಾಗಾಗಿ ನಮ್ಮ ಆಟ ಮುಗಿಯಲೇ ಇಲ್ಲ.

ಧಾರಾವಾಹಿಯಲ್ಲಿ ದಾಟಲೇಬೇಕಲ್ಲ. ದೋಣಿ ಆಯಿಗೆ ಏನೇ ಆಗಲಿ, ನೀನೇ ನನಗೆ ಹೇಳಬೇಕು, ಇದ್ದದ್ದನ್ನು ಇದ್ದ ಹಾಗೆ. ಬೇರೆಯವರ ಬಾಯಿಂದ ನನಗೆ ಗೊತ್ತಾಗಬಾರದು.

ನಿನ್ನ ಮಗಳು
ಸಾಕ್ಷಿ

ಝಳಕಿ
೬ ಜುಲೈ ೨೦೨೫

ಸಾಕ್ಷಿ,

ನಿನ್ನ ಹುಕುಂ ಮುಟ್ಟಿತು. ಹುಕುಂ ಪ್ರಕಾರ ನಿನ್ನೆ ಲಾರಿ ತೂಗುವ ಕಾಟಾದ ಕ್ಯಾಬಿನ್ನಿನಲ್ಲೇ ಕೂತು ನೋಡಿದೆ. ಅರ್ಧ ಗಂಟೆಯೂ ಇಲ್ಲದ ಭಾಗಕ್ಕೆ ಇಡೀ ಮಧ್ಯಾಹ್ನ ಹೋಯಿತು. ಮಾತೆಲ್ಲ ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ. ನಾನು ಒಂದು ಸಾಲು ಓದುವಷ್ಟರಲ್ಲಿ ಅವರು ಮುಂದಿನ ಊರು ಮುಟ್ಟಿರುತ್ತಾರೆ. ನಿಲ್ಲಿಸುವುದು, ಓದುವುದು, ಮತ್ತೆ ಬಿಡುವುದು. ಅಷ್ಟರಲ್ಲಿ ಲಿಂಬೆಹಣ್ಣಿನ ಲಾರಿಯೊಂದು ತೂಕಕ್ಕೆ ಬಂದು ನಿಂತು ಹಾರ್ನ್ ಬಾರಿಸತೊಡಗಿತು. ಡ್ರೈವರ್ ಕಿಟಕಿಯಲ್ಲಿ ಇಣುಕಿ, “ಏನ್ರಿ ಅನಿಲಣ್ಣ, ಸಣ್ಣ ಹುಡುಗರ ಕಾರ್ಟೂನ್ ನೋಡಾಕತ್ತೀರಿ?” ಎಂದ.

“ಮಗಳ ಹೋಂವರ್ಕ್ ಐತಿ,” ಎಂದೆ.

“ಹೋಂವರ್ಕ್ ಮಗಳು ಮಾಡಬೇಕ್ರಿ, ಅಪ್ಪ ಅಲ್ಲ.”

“ನಮ್ಮನ್ಯಾಗ ಉಲ್ಟಾ,” ಎಂದು ಅವನ ತೂಕದ ಚೀಟಿ ಕೊಟ್ಟು ಕಳಿಸಿದೆ.

ಈಗ ಕಥೆ. ಮಳೆ ಬರಲಿಲ್ಲ, ಗಾಳಿ ಇತ್ತು. ಕಯೋ ಅಂಗಳದಲ್ಲಿ ಎರಕದ ಮಣ್ಣು ಜರಡಿ ಹಿಡಿಯುತ್ತಿರುತ್ತಾಳೆ. ಊರ ಗಂಟೆ ಬಾರಿಸುವವನು ಹಗ್ಗ ಜಗ್ಗುತ್ತಾನೆ, ಗಂಟೆ ಅಲುಗಾಡುತ್ತದೆ, ದನಿ ಇಲ್ಲ. ಎಲ್ಲರೂ ಮೇಲೆ ನೋಡುತ್ತ ನಿಲ್ಲುತ್ತಾರೆ. ನಾಯಿ ಬೊಗಳುವುದೊಂದೇ ಕೇಳುತ್ತದೆ. ಕೊನೆಗೆ ಕಯೋ ಬುತ್ತಿ ಕಟ್ಟಿಕೊಂಡು ಹೊರಡುತ್ತಾಳೆ, ದಾರಿಯಲ್ಲಿ ಗೆನ್ ಸಿಗುತ್ತಾನೆ, ಇಬ್ಬರೂ ಹಳ್ಳಕ್ಕೆ ಬರುತ್ತಾರೆ. ಅಲ್ಲಿ ನಿಮ್ಮ ದೋಣಿ ಆಯಿ ಕೂತಿದ್ದಾಳೆ. ಕೆಸರುಗಾಲಲ್ಲಿ ದೋಣಿ ಹತ್ತಲು ಬಂದ ಗೆನ್‌ನನ್ನು ಹುಟ್ಟಿನಿಂದ ತಿವಿದು, ಮೊದಲು ಕಾಲು ತೊಳಕೊ ಎನ್ನುತ್ತಾಳೆ.

ಥೇಟ್ ನಿಮ್ಮವ್ವ. ನನಗೆ ನಗು ಬಂತು. ಈಗ ನಾನು ಕಾಲು ತೊಳೆಯದೇ ಒಳಗೆ ಹೋದರೂ ಬಯ್ಯುವವರಿಲ್ಲ. ಮನೆಗೆ ಹೋದ ಕೂಡಲೇ ಟಿ.ವಿ. ಹಚ್ಚಿ ಅಡುಗೆಮನೆಗೆ ಹೋಗಿಬಿಡುತ್ತೇನೆ. ಮನೆಯಲ್ಲಿ ಯಾರದಾದರೂ ದನಿ ಇರಲಿ ಎಂದು.

ಹಾಲು ಕುಡಿ. ಮಂಚ ಯಾವುದಾದರೇನು, ನಿದ್ದೆ ಬಂದರಾಯಿತು.

ನಿಮ್ಮಪ್ಪ
ಅನಿಲಕುಮಾರ

ಮುದ್ದೇಬಿಹಾಳ
೨೦ ಜುಲೈ ೨೦೨೫

ಅಪ್ಪಾ,

ಮೊದಲನೇ ಭಾಗದ್ದು, ಎರಡನೇ ಭಾಗದ್ದು, ಎರಡೂ ಪತ್ರ ಬಂದವು. ಒಂದು ಗಮ್ಮತ್ತು ಹೇಳುತ್ತೇನೆ. ನಮಗೆ ಬರುವ ಪತ್ರಗಳನ್ನೆಲ್ಲ ಮೇಡಂ ಮೊದಲು ಒಡೆದು ಓದಿ ಆಮೇಲೆ ಕೊಡುತ್ತಾರೆ, ಅದು ಇಲ್ಲಿಯ ಪದ್ಧತಿ. ನಿನ್ನ ಮೊದಲ ಪತ್ರ ಕೊಡುವಾಗ, “ನಿಮ್ಮಪ್ಪ ಭಾಳ ಚಲೋ ಬರೀತಾರಲ್ಲ. ಹಳ್ಳ ದಾಟಿದ ಮ್ಯಾಲ ಏನಾತು?” ಎಂದು ಕೇಳಿದರು. ಮುಂದಿನ ಪತ್ರ ಬರುವವರೆಗೆ ಅವರೂ ಕಾಯಬೇಕು ಎಂದೆ.

ಸಂಜೆ ಪ್ರಾರ್ಥನೆ ಮುಗಿದು ಊಟದ ಗಂಟೆ ಹೊಡೆಯುವವರೆಗೆ ಹಾಲ್‌ನಲ್ಲಿ ನಾನು ನಿನ್ನ ಪತ್ರ ಓದಿ ಹೇಳುತ್ತೇನೆ. ಎಲ್ಲರೂ ಸುತ್ತ ಕೂಡುತ್ತಾರೆ. ಗೆನ್ ಬಂದಾಗ ಹುಡುಗಿಯರು ಒಬ್ಬರನ್ನೊಬ್ಬರು ಚಿವುಟುತ್ತಾರೆ. ಶಾಹಿಸ್ತಾ ಪತ್ರದ ದಿನ ತನ್ನ ಮಂಚದ ಮೇಲೆ ನನಗೆ ಜಾಗ ಕೊಡುತ್ತಾಳೆ. ಹೋದ ವರ್ಷ ನಾನು ಇಲ್ಲಿ ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವ್ವ ಹೋದ ಮೇಲಂತೂ ಅವರೂ ನನ್ನನ್ನು ಏನು ಮಾತಾಡಿಸಬೇಕೆಂದು ತಿಳಿಯದೆ ಬಿಟ್ಟುಬಿಟ್ಟಿದ್ದರು. ಈಗ ಎಲ್ಲರಿಗೂ ನಾನು ಬೇಕು.

ನೀನು ಮನೆಯ ಬಗ್ಗೆ ಬರೆದ ಸಾಲುಗಳನ್ನು ಅವರಿಗೆ ಓದಲಿಲ್ಲ. ಅವು ನನಗೆ ಬರೆದದ್ದು.

ಹಳೆಯ ಫೋನ್ ಟ್ರಂಕಿನಲ್ಲಿ ಇದೆಯಾ? ಚಾರ್ಜ್ ಮಾಡಿ ಇಡು, ನಮ್ಮ ಆಟ ಅದರಲ್ಲೇ ಇದೆ. ಹೊಳೆ ದಾಟುವ ಭಾಗ ಬೇಗ ಬರುತ್ತದೆ ಎನಿಸುತ್ತದೆ. ನೆನಪಿಡು, ಇದ್ದದ್ದು ಇದ್ದ ಹಾಗೆ.

ಸಾಕ್ಷಿ

ಝಳಕಿ
೩ ಆಗಸ್ಟ್ ೨೦೨೫

ಸಾಕ್ಷಿ,

ಐದನೇ ಭಾಗವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಅದನ್ನು ನಿನ್ನ ಸಭೆಗೆ ಓದು. ಇದು ನಿನಗೆ.

ಫೋನ್ ಚಾರ್ಜ್ ಮಾಡಿದೆ. ಮಾಡಿದ ಮೇಲೆ ಆಟವನ್ನೂ ತೆರೆದೆ. ನೀವಿಬ್ಬರೂ ಎಲ್ಲಿ ಬಿಟ್ಟಿದ್ದಿರೋ ಅಲ್ಲಿಂದಲೇ ಶುರುವಾಯಿತು. ಹೊಳೆಯ ದಂಡೆ, ಗುಡಿಸಲು, ಹಗ್ಗದ ಮೇಲೆ ಒಣಹಾಕಿದ ಮೀನು. ಗುಡಿಸಲ ಮುಂದೆ ಕಯೋ, ಪಕ್ಕದಲ್ಲಿ ದೋಣಿ ಆಯಿ. ನಾನು ಏನೂ ಒತ್ತಲಿಲ್ಲ. ಒತ್ತದಿದ್ದರೂ ಅವರು ಉಸಿರಾಡುತ್ತಿರುತ್ತಾರೆ, ನೋಡಿದ್ದೀಯಾ? ಆಯಿ ಆಗಾಗ ತಲೆ ಕೆರೆದುಕೊಳ್ಳುತ್ತಾಳೆ.

ನಿಮ್ಮವ್ವ ಮಂಚ ಹಿಡಿದಾಗ ನಾನು ಎರಡೆರಡು ಪಾಳಿ ಮಾಡುತ್ತಿದ್ದೆ. ಮನೆಗೆ ಬಂದರೆ ನೀವಿಬ್ಬರೂ ಒಂದೇ ಹೊದಿಕೆಯಲ್ಲಿ ಫೋನ್ ಹಿಡಿದು ಕೂತಿರುತ್ತಿದ್ದಿರಿ. ನಾನು ಬಂದದ್ದು ನಿಮಗೆ ಗೊತ್ತೇ ಆಗುತ್ತಿರಲಿಲ್ಲ, ನನಗೆ ಸಿಟ್ಟು ಬರುತ್ತಿತ್ತು. ಅವಳು ಅಲ್ಲಿ ಇಷ್ಟು ಚೊಕ್ಕ ಮನೆ ಕಟ್ಟಿಟ್ಟಿದ್ದಾಳೆ ಎಂದು ನನಗೇನು ಗೊತ್ತು? ಒಂದು ಸಲವಾದರೂ “ಜರಾ ಆ ಕಡೆ ಸರೀರಿ, ನಾನೂ ನೋಡತೇನಿ” ಎಂದು ನಿಮ್ಮ ಪಕ್ಕ ಕೂಡಬೇಕಿತ್ತು.

ಈಗ ಊಟ ಆದ ಮೇಲೆ ಅದನ್ನು ತೆರೆದು ಇಟ್ಟುಕೊಳ್ಳುತ್ತೇನೆ. ಆಡುವುದಿಲ್ಲ, ನೋಡುತ್ತೇನೆ.

ನಿಮ್ಮಪ್ಪ

ಝಳಕಿ
೧೭ ಆಗಸ್ಟ್ ೨೦೨೫

ಸಾಕ್ಷಿ,

ಏಳನೇ ಭಾಗ. ಹೊಳೆ ದಾಟಿದರು.

ಮಳೆ ಜೋರಾಗಿತ್ತು, ನೀರು ಕೆಂಪಾಗಿ ಹರಿಯುತ್ತಿತ್ತು. ಆಚೆ ದಂಡೆಯ ಮರಕ್ಕೆ ಕಟ್ಟಿದ ಹಗ್ಗ ಹಿಡಿದು ದೋಣಿ ಎಳೆದುಕೊಂಡು ಹೋಗಬೇಕು. ನಡುಹೊಳೆಯಲ್ಲಿ ಹಗ್ಗ ಬಂಡೆಗೆ ಸಿಕ್ಕಿತು. ದೋಣಿ ಆಯಿ ನೀರಿಗಿಳಿದು ಬಿಡಿಸಿದಳು. ಎಲ್ಲರೂ ಆಚೆ ದಂಡೆ ಮುಟ್ಟಿದರು. ಆಯಿಯೂ ಮುಟ್ಟಿದಳು. ಬಹಳ ಒದ್ದೆಯಾಗಿದ್ದಳು, ಬೆಂಕಿಗೆ ಮೈ ಕಾಯಿಸಿಕೊಂಡಳು.

ಆಮೇಲೆ ಆಯಿ, “ಇನ್ನ ನನ್ನ ಕೈಲೆ ತಿರಗೂದು ಆಗೂದಿಲ್ಲ. ಇಲ್ಲೇ ಹತ್ತರ ನಮ್ಮಕ್ಕನ ಊರು ಐತಿ, ಅಲ್ಲಿ ಇರತೇನಿ,” ಎಂದಳು. ಅಕ್ಕ ಗಟ್ಟಿಮುಟ್ಟಾಗಿದ್ದಾಳೆ, ಮನೆಯಲ್ಲಿ ಎರಡು ಎಮ್ಮೆ ಇವೆ. ಕಯೋ ಸ್ವಲ್ಪ ಅತ್ತಳು, ಅಷ್ಟೇ. ಜೊತೆಗೆ ಇರುವುದಿಲ್ಲ ಎಂದು ಆಟದಲ್ಲಿ ಹೇಳಿದ್ದು ಇದಕ್ಕೇ ಇರಬೇಕು.

ಇಲ್ಲಿ ಲಾರಿಗಳ ಸಾಲು ದೊಡ್ಡದಿದೆ. ಈ ಸಲ ಇಷ್ಟೇ.

ನಿಮ್ಮಪ್ಪ

ಮುದ್ದೇಬಿಹಾಳ
೨೪ ಆಗಸ್ಟ್ ೨೦೨೫

ಅಪ್ಪಾ,

ಓದಿ ಮುಗಿಸಿದ ಕೂಡಲೇ ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಬಚ್ಚಲಿಗೆ ಹೋಗಿ ಖುಷಿಗೆ ಅತ್ತುಬಂದೆ. ಅವ್ವ ಸುಮ್ಮನೇ ಅಂಜುತ್ತಿದ್ದಳು ನೋಡು! ದಾಟಿಬಿಟ್ಟಿದ್ದರೂ ಆಗುತ್ತಿತ್ತು.

ಒಂದೇ ಅನುಮಾನ. ಆಟದಲ್ಲಿ ಆಯಿ ತನಗೆ ಯಾರೂ ಇಲ್ಲ ಎಂದಿದ್ದಳು. ಆ ಸೀಮೆಯಲ್ಲಿ ಎಮ್ಮೆಯನ್ನೂ ನಾನು ನೋಡಿಲ್ಲ. ಧಾರಾವಾಹಿಯಲ್ಲಿ ಬದಲು ಮಾಡಿರಬೇಕು, ಅಲ್ಲವಾ? ಆಯಿ ಮತ್ತೆ ಬಂದರೆ ದಪ್ಪ ಅಕ್ಷರದಲ್ಲಿ ಬರೆ.

ಸಾಕ್ಷಿ

ಮುದ್ದೇಬಿಹಾಳ
೭ ಸೆಪ್ಟೆಂಬರ್ ೨೦೨೫

ಅಪ್ಪಾ,

ಶಾಹಿಸ್ತಾ ಈದ್ ಮಿಲಾದ್‌ಗೆ ಊರಿಗೆ ಹೋಗಿದ್ದಳು. ಅವಳ ಅಣ್ಣ ಅಕ್ರಮ್‌ನ ಫೋನಿನಲ್ಲಿ ನಮ್ಮ ಧಾರಾವಾಹಿ ನೋಡಿ ಇವತ್ತು ಬಂದಳು. ಬಂದವಳೇ ಹಾಲ್‌ನಲ್ಲಿ ಎಲ್ಲರ ಮುಂದೆ, “ದೋಣಿ ಆಯಿ ಸತ್ತಾಳ, ನಾ ನೋಡೇನಿ. ಅಕ್ಕನೂ ಇಲ್ಲ, ಎಮ್ಮಿನೂ ಇಲ್ಲ,” ಎಂದಳು.

ಎಮ್ಮೆ ಇವೆ, ನಮ್ಮಪ್ಪ ಬರೆದಿದ್ದಾನೆ ಎಂದೆ. ಎಲ್ಲರೂ ನಕ್ಕರು. “ನಿಮ್ಮಪ್ಪ ಸುಳ್ಳ ಬರದಾನ,” ಎಂದಳು. ಅವಳ ಕೆನ್ನೆಗೆ ಹೊಡೆದೆ. ಮೇಡಂ ಇಬ್ಬರನ್ನೂ ಆಫೀಸಿಗೆ ಕರೆದರು. ಶಾಹಿಸ್ತಾ ಅಳುತ್ತ ಹಗ್ಗ, ಬಂಡೆ, ನೀರು ಎಲ್ಲ ಹೇಳಿದಳು. ಹೇಳುವಾಗಲೇ ನನಗೆ ಗೊತ್ತಾಯಿತು, ಅವಳು ಹೇಳುತ್ತಿರುವುದು ನಿಜ.

ಹೋದ ನವೆಂಬರಿನಲ್ಲಿ ಪರಶು ಮಾಮಾ ಸಿಂದಗಿಯಿಂದ ನನ್ನನ್ನು ಕರೆಯಲು ಬಂದಿದ್ದ. “ನಿಮ್ಮವ್ವ ಆರಾಮ ಅದಾಳ, ನಿನ್ನ ನೋಡಬೇಕಂತ ಅನ್ನಾಕತ್ತಾಳ, ನಡಿ,” ಎಂದ. ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಅವ್ವನಿಗೆ ಸೀತಾಫಲ ತಗೊಳ್ಳೋಣ ಎಂದೆ. ಅವನು ಬೇಡ ಎನ್ನಲಿಲ್ಲ. ಹಣ್ಣಿನವಳ ಜೊತೆ ಚೌಕಾಸಿ ಮಾಡಿ, ಮೆತ್ತಗಿನವನ್ನೇ ಆರಿಸಿ ಚೀಲಕ್ಕೆ ಹಾಕಿಸಿದ. ಇಡೀ ದಾರಿ ಆ ಚೀಲ ನನ್ನ ತೊಡೆಯ ಮೇಲಿತ್ತು. ಮನೆ ಮುಂದೆ ಜನ ಕೂತಿದ್ದರು. ಚೀಲವನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಒಳಗೆ ಹೋದೆ.

ಅವ್ವ ಹೋದದ್ದು ಊರಿಗೆಲ್ಲ ಗೊತ್ತಿತ್ತು, ಬಸ್ಸಿನಲ್ಲಿ ನನ್ನ ಪಕ್ಕ ಕೂತ ಮಾಮಾಗೂ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅವತ್ತು ಹಾಗೆ ಹೇಳಿ ಕಳಿಸಿದವನು ನೀನೇ. ಈಗಲೂ ಹಾಗೇ ಮಾಡಿದೆ. ಇದೊಂದನ್ನು ಮಾತ್ರ ಮಾಡಬೇಡ ಎಂದು ನಾನು ಮೊದಲೇ ಕೇಳಿಕೊಂಡಿದ್ದೆ.

ಇನ್ನು ಮುಂದೆ ನೀನು ಏನು ಬರೆದರೂ ಅದು ನಿಜ ಎಂದು ನಾನು ಹೇಗೆ ತಿಳಿಯಬೇಕು?

ಸಾಕ್ಷಿ

ಝಳಕಿ
೧೧ ಸೆಪ್ಟೆಂಬರ್ ೨೦೨೫

ಸಾಕ್ಷಿ,

ಏಳನೇ ಭಾಗ ಹೀಗಿದೆ.

ಹಗ್ಗ ಬಂಡೆಗೆ ಸಿಗುವವರೆಗೆ ನಾನು ಬರೆದದ್ದೆಲ್ಲ ನಿಜ. ಆಯಿ ನೀರಿಗಿಳಿದು ಹಗ್ಗ ಬಿಡಿಸುತ್ತಾಳೆ. ಬಿಡಿಸಿದ ಕೂಡಲೇ ದೋಣಿ ಮುಂದೆ ಜಿಗಿಯುತ್ತದೆ, ಆಯಿಯ ಕೈಯಿಂದ ಹಗ್ಗ ಜಾರುತ್ತದೆ. ಅವಳು ಕೂಗುವುದಿಲ್ಲ. ಒಂದು ಸಲ ತಲೆ ಕಾಣುತ್ತದೆ, ಮತ್ತೆ ಕಾಣುವುದಿಲ್ಲ. ಗೆನ್ ಹಾರಲು ಹೋಗುತ್ತಾನೆ, ಕಯೋ ಅವನ ಅಂಗಿ ಹಿಡಿದು ಜಗ್ಗುತ್ತಾಳೆ. ಬೆಳಕಾದ ಮೇಲೆ ಇಬ್ಬರೂ ದಂಡೆಗುಂಟ ಹುಡುಕುತ್ತಾರೆ. ಹುಟ್ಟು ಸಿಗುತ್ತದೆ. ಆಯಿ ಸಿಗುವುದಿಲ್ಲ. ಅವಳು ಸತ್ತಳು.

ನೋಡಿ ಮುಗಿಸಿ ಪೆನ್ನು ಹಿಡಿದೆ. ‘ಸತ್ತಳು’ ಎಂದು ಬರೆಯಲು ಕೈ ಏಳಲಿಲ್ಲ. ಆ ಹಾಲ್‌ನಲ್ಲಿ ಎಲ್ಲರ ನಡುವೆ ನೀನು ಅದನ್ನು ದನಿ ತೆಗೆದು ಓದುವುದು ಕಣ್ಣಮುಂದೆ ಬಂತು. ಎಮ್ಮೆ ಎಲ್ಲಿಂದ ಬಂದವೋ ನನಗೂ ಗೊತ್ತಿಲ್ಲ. ಮನೆ ಎಂದ ಮೇಲೆ ಏನಾದರೂ ಇರಬೇಕಲ್ಲ ಎಂದು ಕಟ್ಟಿಬಿಟ್ಟೆ.

ಪರಶು ಮಾಮಾಗೆ ಹಾಗೆ ಹೇಳಿಕೊಟ್ಟವನು ನಾನೇ ಹೌದು. ನಮ್ಮಲ್ಲಿ ಸತ್ತ ಸುದ್ದಿಯನ್ನು ಯಾರೂ ದಾರಿಯಲ್ಲಿ ಹೇಳುವುದಿಲ್ಲ. ‘ಜರಾ ಆರಾಮಿಲ್ಲ, ಬರ್ರಿ’ ಎಂದೋ ‘ಆರಾಮ ಅದಾರ, ನೋಡಬೇಕಂತಾರ’ ಎಂದೋ ಕರೆಸುವುದು. ನಮ್ಮಪ್ಪ ಹೋದಾಗ ನನ್ನನ್ನೂ ಹಾಗೇ ಕರೆಸಿದ್ದರು. ದಾರಿಯುದ್ದಕ್ಕೂ ಅಳುವುದು ತಪ್ಪಲಿ ಎಂದು ಮಾಡುತ್ತಾರೆ. ಸೀತಾಫಲದ ವಿಷಯ ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ನಿನ್ನ ಪತ್ರ ಓದಿ ಕಾಟಾದ ಬಾಗಿಲು ಹಾಕಿಕೊಂಡು ಕೂತೆ. ಹೊರಗೆ ಹಾರ್ನ್ ಹೊಡೆಯುತ್ತಲೇ ಇದ್ದರು.

ಶಾಹಿಸ್ತಾಗೆ ತಪ್ಪಾಯಿತು ಎಂದು ಹೇಳು. ಅವಳದೇನೂ ತಪ್ಪಿಲ್ಲ.

ನಿಮ್ಮಪ್ಪ

ಮುದ್ದೇಬಿಹಾಳ
೧೪ ಸೆಪ್ಟೆಂಬರ್ ೨೦೨೫

ಅಪ್ಪಾ,

ಏಳನೇ ಭಾಗವನ್ನು ಮತ್ತೆ ಓದಿದೆ, ಎಲ್ಲರಿಗೂ ಕೇಳುವ ಹಾಗೆ. ಓದುವಾಗ ನಾನು ಅಳಲಿಲ್ಲ. ಶಾಹಿಸ್ತಾ ಅತ್ತಳು, ಎರಡನೇ ಸಲ.

ಮುಂದಿನ ಭಾಗಗಳನ್ನು ಬರೆಯಬೇಡ. ಅದರ ಬದಲು ಅವ್ವ ಹೋದ ದಿನವನ್ನು ಬರೆ. ಧಾರಾವಾಹಿ ಬರೆಯುತ್ತಿದ್ದೆಯಲ್ಲ, ಹಾಗೆ. ಯಾರು ಏನಂದರು, ಏನು ಉಂಡರು, ಮಳೆ ಬಂತೋ ಇಲ್ಲವೋ. ನನಗೆ ಆ ದಿನ ಜನ ಕೂತ ಅಂಗಳದಿಂದ ಶುರುವಾಗುತ್ತದೆ. ಅದಕ್ಕೂ ಮೊದಲಿನದು ನನ್ನ ಹತ್ತಿರ ಇಲ್ಲ.

ದಸರಾ ರಜೆಗೆ ಬಂದಾಗ ಹೇಳುತ್ತೇನೆ ಎನ್ನಬೇಡ. ಎದುರಿಗೆ ಕೂತರೆ ನೀನು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನೀನು ಬರೆಯುವ ಆ ಪತ್ರವನ್ನು ಒಡೆಯಬೇಡಿ ಎಂದು ಮೇಡಂಗೆ ಕೇಳಿಕೊಂಡಿದ್ದೇನೆ.

ಸಾಕ್ಷಿ

ಝಳಕಿ
೧೬ ಸೆಪ್ಟೆಂಬರ್ ೨೦೨೫

ಸಾಕ್ಷಿ,

ಮಳೆ ಬರಲಿಲ್ಲ. ಬಿಸಿಲಿತ್ತು.

ವಿಜಯಪುರದ ಆಸ್ಪತ್ರೆಯಲ್ಲಿ ಅವಳಿಗೆ ಕಿಟಕಿ ಪಕ್ಕದ ಕಾಟು ಸಿಕ್ಕಿತ್ತು. ಮುಂಜಾನೆ ಅರ್ಧ ಕಪ್ ಚಹಾ ಕುಡಿದಳು. ಇಡ್ಲಿ ತಂದಿದ್ದೆ, ಒಂದು ತುಣುಕು ಬಾಯಿಗೆ ಹಾಕಿಕೊಂಡು ಸಾಕು ಎಂದಳು. ಉಳಿದದ್ದನ್ನು ನಾನು ತಿಂದೆ. ಆಚೆ ಕಾಟಿನ ಮುದುಕಿಯನ್ನು ನೋಡಲು ಒಂದು ಟಂಟಂ ಗಾಡಿ ತುಂಬ ಜನ ಬಂದಿದ್ದರು. “ಅವರನ್ನ ನೋಡಿದ್ರ ಮದಿವಿಗಿ ಬಂದಂಗ ಕಾಣಸ್ತಾರ,” ಎಂದು ನಕ್ಕಳು. ನಗುವುದಕ್ಕೂ ಅವಳಿಗೆ ದಣಿವಾಗುತ್ತಿತ್ತು. ಡಾಕ್ಟರು ಬಂದು ಹೋದರು, ನನ್ನನ್ನು ಹೊರಗೆ ಕರೆದು ಇನ್ನೆರಡು ದಿನ ನೋಡೋಣ ಎಂದರು. ಅದನ್ನು ಅವಳಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಮಧ್ಯಾಹ್ನ ಬಿಸಿಲು ಕಾಟಿನ ಮೇಲೆ ಬಂತು. “ಪರದಾ ಸರಸ್ರಿ, ಬಿಸಲು ಮಾರಿಮ್ಯಾಲ ಬರಾಕತ್ತೈತಿ,” ಎಂದಳು. ಸರಿಸಿದೆ. “ಹಾಂ,” ಎಂದಳು. ನಾನು ಸ್ಟೂಲಿನ ಮೇಲೆ ಕೂತು ಪೇಪರ್ ಓದತೊಡಗಿದೆ. ಅವಳು ಮಲಗಿದ್ದಾಳೆ ಎಂದುಕೊಂಡೆ. ನರ್ಸ್ ಬಿ.ಪಿ. ನೋಡಲು ಬಂದು, ಕೈ ಹಿಡಿದು, ನನ್ನ ಕಡೆ ತಿರುಗಿ, “ನೀವು ಜರಾ ಹೊರಗ ನಿಂದರ್ರಿ,” ಎಂದಳು. ಆಗ ತಿಳಿಯಿತು. ಅಷ್ಟು ಹತ್ತಿರ ಕೂತಿದ್ದೆ, ಯಾವಾಗ ಹೋದಳು ಎಂದು ನನಗೆ ಗೊತ್ತಿಲ್ಲ. ನಾನು ಮಳೆ ಬೆಳೆಯ ಸುದ್ದಿ ಓದುತ್ತಿದ್ದೆ.

ಕೊನೆಗೆ ಏನಂದಳು ಎಂದು ಎಲ್ಲರೂ ಕೇಳಿದರು. “ಸಾಕ್ಷಿನ್ನ ಚಲೋತ್ನಾಗ ನೋಡಕೊರಿ ಅಂದ್ಲು,” ಎಂದು ಹೇಳಿದೆ. ಮಣ್ಣಿಗೆ ಬಂದ ಹೆಂಗಸರೆಲ್ಲ ಅದನ್ನು ಕೇಳಿ ನಿನ್ನನ್ನು ತಬ್ಬಿಕೊಂಡು ಅತ್ತರು, ನೆನಪಿರಬೇಕು. ಈಗಲೂ ಅದನ್ನೇ ಬರೆಯಲು ಬಹಳ ಆಸೆಯಾಯಿತು. ಆದರೆ ಅವಳು ಹಾಗೆ ಅನ್ನಲಿಲ್ಲ. ಆ ದಿನ ನಿನ್ನ ಹೆಸರು ತೆಗೆಯಲಿಲ್ಲ, ನನ್ನದೂ ತೆಗೆಯಲಿಲ್ಲ. ಪರದಾ ಸರಿಸು ಎಂದಳು, ಸರಿಸಿದ ಮೇಲೆ ‘ಹಾಂ’ ಎಂದಳು. ಅದೇ ಕೊನೆಯ ಮಾತು. ಬೇರೆ ಏನೂ ಇಲ್ಲ.

ನಿಮ್ಮಪ್ಪ

ಮುದ್ದೇಬಿಹಾಳ
೧೮ ಸೆಪ್ಟೆಂಬರ್ ೨೦೨೫

ಅಪ್ಪಾ,

ಪತ್ರ ಮುಟ್ಟಿತು. ಮೇಡಂ ಒಡೆಯದೆ ಕೊಟ್ಟರು. ಸಂಜೆ ಎಲ್ಲರೂ ಬಂದು ಸುತ್ತ ಕೂತರು, ಈ ಸಲ ಓದುವುದು ಏನೂ ಇಲ್ಲ ಎಂದೆ. ಶಾಹಿಸ್ತಾ ನನ್ನ ಮುಖ ನೋಡಿ ಅವರನ್ನೆಲ್ಲ ಎಬ್ಬಿಸಿಕೊಂಡು ಊಟಕ್ಕೆ ಹೋದಳು. ಹಾಲ್‌ನಲ್ಲಿ ಒಬ್ಬಳೇ ಕೂತು ಮತ್ತೆ ಓದಿದೆ.

ಅವ್ವ ನನ್ನ ಹೆಸರು ಹೇಳಿದಳು ಎಂದು ನೀನು ಬರೆದಿದ್ದರೆ, ನಾನು ನಿನ್ನ ಪತ್ರವನ್ನು ಹರಿದು ಹಾಕುತ್ತಿದ್ದೆ. ಹೇಳಲಿಲ್ಲ ಎಂದು ಓದಿ ತುಂಬ ಅತ್ತೆ. ಆದರೆ ನಂಬಿದೆ, ಅಪ್ಪಾ. ಅದರಲ್ಲಿ ನಾನು ಎಲ್ಲಿಯೂ ಇಲ್ಲ, ಅದಕ್ಕೇ ನಂಬಿದೆ.

ನಿನ್ನ ಮಗಳು
ಸಾಕ್ಷಿ